ಇದ್ದಿಲು ಬಸ್ಸು ಓಡಿದ ದಾರಿ

ಮೈಸೂರಿನಿಂದ ಹುಣಸೂರಿಗೆ ಸುಮಾರು 45 ಕಿಲೋಮೀಟರ್. ಈಗ ಒಂದು ಸಣ್ಣ ನಿದ್ದೆ ತೆಗೆಯುವುದರೊಳಗೆ ಊರು ಬಂದುಬಿಡುತ್ತದೆ. 1940ರ ದಶಕದಲ್ಲಿ ಹೀಗಿರಲಿಲ್ಲ, ಮಕ್ಕಳೇ. ಎರಡನೆಯ ಮಹಾಯುದ್ಧದ ಕಾಲ, ಪೆಟ್ರೋಲಿಗೆ ರೇಷನ್. ಅದಕ್ಕೇ ಪೆಟ್ರೋಲ್ ಬಸ್ಸುಗಳನ್ನು ಇದ್ದಿಲಿನಲ್ಲಿ ಓಡುವಂತೆ ಮಾರ್ಪಡಿಸಿದರು.

ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು. ಅದರ ತುಂಬ ಇದ್ದಿಲು, ಕೆಳಗೆ ಬೆಂಕಿ. ಹೊರಡುವ ಮೊದಲು ಕ್ಲೀನರ್ ಹುಡುಗ ಗಾಳಿಚಕ್ರದ ಹಿಡಿಯನ್ನು ಗರಗರ ತಿರುಗಿಸಬೇಕು. ಗಾಳಿ ಸಾಲದೆ ಇದ್ದಿಲು ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದನ್ನು ತಣ್ಣಗಾಗಿಸಿ, ಬೂದಿ ಸೋಸಿ ಎಂಜಿನ್ನಿಗೆ ಬಿಟ್ಟರೆ ಬಸ್ಸು ಓಡುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ವಿಷ! ಕೊಳವೆ ಸೋರಿದರೆ ಪ್ರಾಣಕ್ಕೇ ಅಪಾಯ.

ಪೆಟ್ರೋಲಿನಷ್ಟು ಶಕ್ತಿಯೂ ಅದಕ್ಕಿಲ್ಲ. ಕೃಷ್ಣರಾಜನಗರದ ಗದ್ದೆ ಬಯಲಿನ ದಾರಿ ಹೇಗೋ ಸಾಗೀತು. ಪಿರಿಯಾಪಟ್ಟಣದ ಕಡೆ ಏರು ಬಂತೆಂದರೆ ಬಸ್ಸಿಗೆ ಏದುಸಿರು. ಎಲ್ಲರೂ ಇಳಿಯಬೇಕು, ಪಂಚೆ ಎತ್ತಿಕಟ್ಟಿ ತಳ್ಳಬೇಕು. ಟಿಕೇಟು ಕೊಂಡವರೇ ತಳ್ಳುವುದು, ಇದೆಂಥ ನ್ಯಾಯವೋ! ಹೆಗ್ಗಡದೇವನಕೋಟೆಯ ಆಚೆ ಕೆಟ್ಟು ನಿಂತರಂತೂ ಕತ್ತಲಾಗುವ ಭಯ. ಅದು ಆನೆಗಳ ಸೀಮೆ. ಆಗ ಖಾಸಗಿ ಮಾಲೀಕರ ಬಸ್ಸುಗಳೇ ಹೆಚ್ಚು, ಪ್ರಯಾಣಿಕರಿಗಾಗಿ ಅವರವರಲ್ಲೇ ಪೈಪೋಟಿ. ಆದರೂ ನಡುದಾರಿಯಲ್ಲಿ ಇನ್ನೊಂದು ಗಾಡಿ ನಿಂತಿದ್ದರೆ ಡ್ರೈವರನಿಗೆ ಕಂಡೂ ಕಾಣದಂತೆ ಹೋಗಲಾಗದು. ಒಂದಿಷ್ಟು ಇದ್ದಿಲೋ, ಒಂದು ಸ್ಪ್ಯಾನರೋ, ತಳ್ಳಲು ನಾಲ್ಕು ಕೈಯೋ, ನಾಳೆ ತನಗೂ ಬೇಕಾಗುವಂಥದ್ದೇ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರವೇ 120 ಬಸ್ಸುಗಳೊಡನೆ ಸಾರಿಗೆ ಆರಂಭಿಸಿತು. ಪೆಟ್ರೋಲ್, ಡೀಸೆಲ್ ಸಿಗತೊಡಗಿದಂತೆ ಇದ್ದಿಲಿನ ಡ್ರಮ್ಮುಗಳು ಗುಜರಿ ಸೇರಿದವು.

ಮನೆಯಲ್ಲಿ 85 ದಾಟಿದ ಮುತ್ತಜ್ಜ, ಮುತ್ತಜ್ಜಿ ಇದ್ದರೆ ಇವತ್ತೇ ಕೇಳಿ: ಬಸ್ಸು ತಳ್ಳಿದ್ದೀರಾ?