ಅರ್ಧ ಉಳಿದಿದ್ದ ಸೀಸೆ

ನಮ್ಮ ಬಚ್ಚಲುಮನೆಯೇ ರಾತ್ರಿ ಹೊತ್ತು ಡಾರ್ಕ್ ರೂಮ್ ಆಗುತ್ತಿದ್ದುದು ವಿಜ್ಞಾನ ಸಂಘದ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. 1988ರಲ್ಲಿ ತಂದೆಯವರ ಷಷ್ಟ್ಯಬ್ದಿಯ ಚಿತ್ರಗಳನ್ನು ವರ್ಣ ಸ್ಲೈಡ್ ಫಿಲ್ಮಿನಲ್ಲಿ ತೆಗೆದು, ನಾನೇ ಸಂಸ್ಕರಿಸಲು ಕುಳಿತೆ. ಇ-6 ವಿಧಾನದ ಮೊದಲ ಡೆವಲಪರ್ ಹಿಂದಿನ ಬೇಸಿಗೆಯಲ್ಲಿ ತೆರೆದದ್ದು. ಸೀಸೆಯಲ್ಲಿ ಅರ್ಧ ಉಳಿದಿತ್ತು. ದುಬಾರಿ ದ್ರಾವಣ, ಚೆಲ್ಲಲು ಮನಸ್ಸು ಬರಲಿಲ್ಲ. ಮೇಷ್ಟರ ಸಂಬಳ ನಿಮಗೆ ತಿಳಿದದ್ದೇ.

ಉಷ್ಣತೆಯನ್ನು 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜತನದಿಂದ ಕಾಯ್ದುಕೊಂಡರೂ ಚಿತ್ರಗಳೆಲ್ಲ ಮಸಿ ಬಳಿದಂತಾದವು. ಸೀಸೆಯ ಖಾಲಿ ಭಾಗದಲ್ಲಿದ್ದ ಗಾಳಿಯ ಆಮ್ಲಜನಕವು ಡೆವಲಪರನ್ನು ಉತ್ಕರ್ಷಿಸಿ ದುರ್ಬಲಗೊಳಿಸಿತ್ತು. ಮೊದಲ ಹಂತದಲ್ಲಿ ಬೆಳ್ಳಿ ಕಡಿಮೆ ಮೂಡಿದಷ್ಟೂ ಕಡೆಯಲ್ಲಿ ವರ್ಣ ಹೆಚ್ಚಾಗಿ ಕೂಡಿ ಸ್ಲೈಡು ಕಪ್ಪಾಗುತ್ತದೆ. ಇದೇ ಉತ್ಕರ್ಷಣೆಯನ್ನು ನಿಮಗೆ ಎಷ್ಟು ವರ್ಷ ಪಾಠ ಮಾಡಿದ್ದೆನೋ!

ಬ್ಲೀಚ್ ಗಾಳಿಗೆ ಅಂಜುವುದಿಲ್ಲ. ಅದಕ್ಕೆ ಗಾಳಿ ಹಿತವೇ. ಡೆವಲಪರನ್ನಾದರೋ ಸಣ್ಣ ಗಾಜಿನ ಸೀಸೆಗಳಲ್ಲಿ ಕಂಠದವರೆಗೆ ತುಂಬಿ, ತೆರೆದ ದಿನಾಂಕ ಬರೆದಿಟ್ಟು, ಕೆಲವೇ ವಾರಗಳಲ್ಲಿ ಮುಗಿಸಬೇಕು. ಮಟ್ಟ ಇಳಿದರೆ ಗಾಜಿನ ಗೋಲಿ ಹಾಕಿ ಏರಿಸುವುದನ್ನು ಆಮೇಲೆ ರೂಢಿಸಿಕೊಂಡೆ. ಗೋಲಿಗಳು ತರಗತಿಯಲ್ಲಿ ನಿಮ್ಮಿಂದಲೇ ಕಸಿದುಕೊಂಡವು.

ತಂದೆಯವರು ಮರುವರ್ಷ ತೀರಿಕೊಂಡರು. ಆ ಸ್ಲೈಡುಗಳಲ್ಲೊಂದನ್ನು ಬಲವಾದ ದೀಪಕ್ಕೆ ಹಿಡಿದರೆ ಪೇಟದ ಜರಿಯಂಚು ಈಗಲೂ ಕಾಣುತ್ತದೆ, ಮುಖ ಕಾಣುವುದಿಲ್ಲ.