ಒಲ್ಲೆನೆಂಬ ಧೈರ್ಯ

ಶೈಕ್ಷಣಿಕ ಪ್ರವಾಸಕ್ಕೆ ಹೋದ ವಿದ್ಯಾರ್ಥಿಗಳು ವಿನೋದೋದ್ಯಾನವೊಂದರ ರೋಲರ್ ಕೋಸ್ಟರಿನ ಮುಂದೆ ಸಾಲುಗಟ್ಟಿ ನಿಂತಿದ್ದರು. ಒಬ್ಬ ಬಾಲಕ ಮಾತ್ರ ಹಿಂದೆ ಸರಿದ. ‘ಅಂಜುಬುರುಕ’ ಎಂದು ಗೆಳೆಯರು ನಕ್ಕರು. ವಿಜ್ಞಾನದ ಅಧ್ಯಾಪಕರು ಅವನ ಹೆಗಲ ಮೇಲೆ ಕೈಯಿಟ್ಟು ವಿವರಿಸತೊಡಗಿದರು. 1884ರಲ್ಲಿ ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ಥಾಂಪ್ಸನ್ ಎಂಬಾತ ಆರಂಭಿಸಿದ ಇಂಥ ಬಂಡಿಯ ವೇಗ ಗಂಟೆಗೆ ಸುಮಾರು 10 ಕಿಲೋಮೀಟರು. ಇಂದಿನವುಗಳ ವೇಗ ಬಹುಪಾಲು ಹೆಚ್ಚಿದರೂ ತತ್ತ್ವವೊಂದೇ: ಎತ್ತರದಲ್ಲಿ ಕೂಡಿಟ್ಟ ಶಕ್ತಿಯೇ ಇಳಿಜಾರಿನಲ್ಲಿ ವೇಗವಾಗುತ್ತದೆ. ‘ಕಾರಣ ತಿಳಿದ ಮೇಲೆ ಭಯವೇಕೆ? ಬಾ, ನನ್ನ ಪಕ್ಕದಲ್ಲಿ ಕೂಡು’ ಎಂದರು. ಗುರುಗಳ ಮಾತನ್ನು ಮೀರಲಾರದೆ ಬಾಲಕ ಏರಿದ.

ಬಂಡಿ ಧುಮುಕಿದಾಗ ಕುಳಿತ ಆಸನವೇ ಕೆಳಗೆ ಜಾರಿದಂತಾಯಿತು. ಅವನು ಕಿರುಚಲಿಲ್ಲ, ಕಂಬಿ ಹಿಡಿದ ಬೆರಳುಗಳು ಮಾತ್ರ ಬಿಳಿಚಿಕೊಂಡವು. ಇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಾಪಕರ ಕಣ್ಣು ಅವನ ನಡುಗುವ ಕೈಗಳ ಮೇಲಿತ್ತು.

‘ಇನ್ನೊಮ್ಮೆ ಬಾರೋ’ ಎಂದು ಗೆಳೆಯರು ಎಳೆದರು. ‘ಒಲ್ಲೆ’ ಎಂದ ಬಾಲಕ. ಧ್ವನಿ ಸಣ್ಣದು, ಆದರೆ ಅದರಲ್ಲಿ ಅಳುಕಿರಲಿಲ್ಲ. ಆಗ ಸಾಲಿನಲ್ಲಿ ಸದ್ದಿಲ್ಲದೆ ನಿಂತಿದ್ದ ಮತ್ತೊಬ್ಬ ಹುಡುಗ ಹೊರಬಂದು ಅವನ ಪಕ್ಕದಲ್ಲಿ ನಿಂತ. ಅವನೂ ಅಂಜಿದ್ದನೆಂಬುದು ಅದುವರೆಗೆ ಯಾರಿಗೂ ತಿಳಿದಿರಲಿಲ್ಲ.

ಅಧ್ಯಾಪಕರು ಇಬ್ಬರನ್ನೂ ನೆರಳಿಗೆ ಕರೆದೊಯ್ದು, ‘ತಪ್ಪು ನನ್ನದಪ್ಪಾ’ ಎಂದರು.

ಭಯದ ಕಾರಣವನ್ನು ತಿಳಿಸುವುದು ಶಿಕ್ಷಣ. ಭಯಗೊಂಡವನನ್ನು ಬಲವಂತದಿಂದ ಏರಿಸುವುದು ಶಿಕ್ಷಣವಲ್ಲ. ಹಲವರು ಹೌದೆನ್ನುವಲ್ಲಿ ಒಬ್ಬನೇ ಒಲ್ಲೆನೆನ್ನಲೂ ಎದೆಗಾರಿಕೆ ಬೇಕು. ಅಂದಿನಿಂದ ಆ ಅಧ್ಯಾಪಕರು ಪ್ರವಾಸಗಳಲ್ಲಿ, ಏರಲೊಲ್ಲದ ಮಕ್ಕಳೊಡನೆ ತಾವೂ ಕೆಳಗೇ ಉಳಿಯುತ್ತಾರೆ.