ಐವತ್ತಕ್ಕೊಂದು ಏರು

ಮೊದಲು ಬಂದದ್ದು ಸದ್ದು. ಕಣಿವೆಯ ಕೆಳಗಿನ ಯಾವುದೋ ತಿರುವಿನಾಚೆ ಗುಡುಗೊಂದು ನಿಲ್ಲದೆ ಉರುಳುತ್ತಿರುವ ಹಾಗೆ. ಹತ್ತು ನಿಮಿಷ ಆದರೂ ರೈಲು ಕಾಣಲಿಲ್ಲ. ಸದ್ದು ಮಾತ್ರ ಒಮ್ಮೆ ಬೆಟ್ಟದೊಳಗೆ ಮುಳುಗಿ, ಒಮ್ಮೆ ಈಚೆಗೆ ಎದ್ದು, ಮತ್ತೆ ಮುಳುಗಿ, ಹಾಗೇ ಹತ್ತಿರವಾಗುತ್ತಿತ್ತು. ಮುಳುಗಿದಾಗಲೆಲ್ಲ ಒಂದು ಸುರಂಗ ದಾಟಿತು ಎಂದು ಮನಸ್ಸಿನಲ್ಲೇ ಎಣಿಸುತ್ತ ನಿಂತೆ.

"ಇಲ್ಲಿ ಸ್ಟೇಷನ್ನೂ ಇಲ್ಲವಲ್ಲ ಚಿಕ್ಕಪ್ಪ, ಏನು ನೋಡೋಕೆ ಇಷ್ಟು ದೂರ ಬಂದದ್ದು?" ಎಂದ, ಕಾರು ಓಡಿಸಿಕೊಂಡು ಬಂದಿದ್ದ ಅಣ್ಣನ ಮಗ.

"ಸ್ವಲ್ಪ ತಾಳು ಮಾರಾಯ" ಎಂದೆ. ಬೇರೆ ಮಾತು ಹೊರಡಲಿಲ್ಲ. ಎದುರಿಗಿದ್ದ ಗುಡ್ಡವನ್ನು ನಾನು ಇಪ್ಪತ್ತೈದು ವರ್ಷಗಳಿಂದ ಬಲ್ಲೆ. ಕಾಲೇಜಿನ ದಿನಗಳಲ್ಲಿ ಹಳೇ ಪುಸ್ತಕದಂಗಡಿಯಿಂದ ತಂದ ಅಮೆರಿಕದ ರೈಲು ಪತ್ರಿಕೆಯೊಂದರ ನಡುಪುಟವನ್ನು ಹಾಸ್ಟೆಲ್ ಗೋಡೆಗೆ ಅಂಟಿಸಿಕೊಂಡಿದ್ದೆ. ಹೊಂಬಣ್ಣದ ಒಣಹುಲ್ಲಿನ ಗುಡ್ಡ, ಅದನ್ನು ಸುತ್ತುಹಾಕಿದ ರೈಲು, ತನ್ನದೇ ಬಾಲದ ಮೇಲೆ ಹಾದುಹೋಗುತ್ತಿರುವ ಅದರ ತಲೆ. ಚಿತ್ರದ ಕೆಳಗೆ ಊರಿನ ಹೆಸರಿರಲಿಲ್ಲ. ರೈಲಿನ ಹುಚ್ಚು ಹಿಡಿದವರಿಗೆ ಅದು ಬೇಕಾಗಿಯೂ ಇರಲಿಲ್ಲ. ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯ ಟೆಹಾಚಪಿ ಲೂಪ್ ಅದು ಎಂದು ಜಗತ್ತಿನ ಯಾವ ಮೂಲೆಯ ರೈಲುಪ್ರೇಮಿಯೂ ನೋಡಿದ ಕೂಡಲೇ ಹೇಳುತ್ತಾನೆ, ಅಮ್ಮನ ಮುಖವನ್ನು ಗುಂಪಿನಲ್ಲಿ ಗುರುತಿಸಿದಷ್ಟೇ ಸಲೀಸಾಗಿ.

ಒಂದು ಜಾಗಕ್ಕೆ ಹೀಗೆ ಮುಖ ಬರುವುದು ಹೇಗೆ? ಚಂದದ ನಿಲ್ದಾಣಗಳು ಎಷ್ಟೋ ಇವೆ, ಉದ್ದದ ಸೇತುವೆಗಳು ಎಷ್ಟೋ ಇವೆ. ಆದರೆ ಕಂಡ ಕೂಡಲೇ ಎದೆ ಹಾರುವ ಜಾಗಗಳು ಮಾತ್ರ ಹೆಚ್ಚಿನವು ಘಾಟಿಯಲ್ಲೇ ಇವೆ. ಅವತ್ತು ಬೆಳಿಗ್ಗೆ ಬೇಕರ್ಸ್‌ಫೀಲ್ಡಿನ ಸಮತಟ್ಟು ತೋಟಗಳನ್ನು ದಾಟಿ, 58ನೇ ಹೆದ್ದಾರಿಯಲ್ಲಿ ಬೆಟ್ಟ ಹತ್ತಿ, ಕೀನ್ ಎಂಬ ಪುಟ್ಟ ಊರಿನ ಬಳಿ ಹಳೆಯ ಕಿರುರಸ್ತೆಗೆ ಹೊರಳಿದಾಗ ನನಗೆ ಇದರ ಕಾರಣ ಕಾಲಿನ ಕೆಳಗೇ ಗೊತ್ತಾಗತೊಡಗಿತು. ನಮ್ಮ ಕಾರು ಅರ್ಧ ತಾಸಿನಲ್ಲಿ ಏರಿದ್ದನ್ನು ರೈಲು ಹಾಗೆ ಏರಲಾರದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ. ಉರುಳಲು ತಡೆ ಕಡಿಮೆ ಇರುವುದರಿಂದಲೇ ಸಾವಿರಾರು ಟನ್ನು ಸರಕನ್ನು ಎರಡು ಮೂರು ಎಂಜಿನ್ನು ಎಳೆದೊಯ್ಯುತ್ತವೆ. ಆದರೆ ಹಿಡಿತವೂ ಕಡಿಮೆ, ಏರು ಸ್ವಲ್ಪ ಕಡಿದಾದರೂ ಗಾಲಿ ನಿಂತಲ್ಲೇ ಜಾರುತ್ತದೆ. ಐವತ್ತು ಮೀಟರ್ ಓಡಿದರೆ ಒಂದು ಮೀಟರ್ ಏರು, ಅಂದರೆ ಐವತ್ತಕ್ಕೊಂದು. ಭಾರದ ಗಾಡಿಗೆ ಅದೇ ದೊಡ್ಡ ಬೆಟ್ಟ.

1874ರಲ್ಲಿ ಸದರ್ನ್ ಪೆಸಿಫಿಕ್ ರೈಲ್ವೆಯ ಎಂಜಿನಿಯರ್ ವಿಲಿಯಂ ಹುಡ್ ಎದುರಿಗಿದ್ದದ್ದು ಈ ಲೆಕ್ಕವೇ. ಸ್ಯಾನ್ ಹ್ವಾಕಿನ್ ಕಣಿವೆಯಿಂದ ಲಾಸ್ ಏಂಜಲೀಸಿಗೆ ಹಳಿ ಹೋಗಬೇಕು, ನಡುವೆ ಟೆಹಾಚಪಿ ಬೆಟ್ಟಸಾಲು. ಬೇಕರ್ಸ್‌ಫೀಲ್ಡ್ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 120 ಮೀಟರ್ ಎತ್ತರದಲ್ಲಿ, ಘಾಟಿಯ ನೆತ್ತಿ ಇರುವುದು ಸುಮಾರು 1,220 ಮೀಟರಿನಲ್ಲಿ. ನೇರ ಹೋದರೆ ಏರು ಕಡಿದು. ಏರು ತಗ್ಗಬೇಕಾದರೆ ದಾರಿ ಉದ್ದವಾಗಬೇಕು. ಹಾಗಾಗಿ ಹುಡ್ ದಾರಿಯನ್ನು ಬಳಸಿದ, ತಿರುಗಿಸಿದ, ಮಡಚಿದ. ಕಣಿವೆ ಇಕ್ಕಟ್ಟಾಗಿ ಇನ್ನು ಮಡಚಲೂ ಜಾಗವಿಲ್ಲ ಎನ್ನುವಲ್ಲಿ ಒಂದು ಒಂಟಿ ಗುಡ್ಡ ನಿಂತಿತ್ತು. ಹಳಿಯನ್ನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ, ಬಂದ ದಾರಿಯ ಮೇಲೇ ದಾಟಿಸಿಬಿಟ್ಟ. ಆ ಸುತ್ತಿನ ಉದ್ದ 3,779 ಅಡಿ, ಹೆಚ್ಚುಕಡಿಮೆ 1,150 ಮೀಟರ್. ಐವತ್ತರಿಂದ ಭಾಗಿಸಿ ನೋಡಿ: 23 ಮೀಟರ್. ಆ ಸುತ್ತಿನಲ್ಲಿ ರೈಲು ಏರುವ ಎತ್ತರ 77 ಅಡಿ ಎಂದು ದಾಖಲೆ ಹೇಳುತ್ತದೆ. ಅದೂ 23 ಮೀಟರೇ. ಈ ಒಂದು ಭಾಗಾಕಾರ ನನಗೆ ಕೊಟ್ಟ ಸಂತೋಷವನ್ನು ಹೇಗೆ ಹೇಳಲಿ! ಗೋಡೆಯ ಮೇಲೆ ಅಷ್ಟು ವರ್ಷ ನೋಡಿದ ಆ ಚೆಲುವನ್ನು ಯಾರೂ ಚೆಲುವಿಗೆಂದು ಮಾಡಿದ್ದಲ್ಲ. ಬೆಟ್ಟ ಕೇಳಿದ ಲೆಕ್ಕಕ್ಕೆ ಬಂದ ಉತ್ತರ ಅದು, ನೆಲದ ಮೇಲೆ ಬಿಡಿಸಿಟ್ಟ ಉತ್ತರ.

ಅಷ್ಟರಲ್ಲಿ ರೈಲು ಬಂತು.

ಕಿತ್ತಳೆ ಬಣ್ಣದ ಎಂಜಿನ್ನುಗಳು, ಒಂದರ ಹಿಂದೊಂದು. ಮನುಷ್ಯ ಪಕ್ಕದಲ್ಲಿ ಓಡಿದರೆ ಒಂದಿಷ್ಟು ದೂರ ಜೊತೆಗೂಡಬಹುದಾದಷ್ಟು ನಿಧಾನ. ಹಿಂದೆ ಒಂದರ ಮೇಲೊಂದು ಪೇರಿಸಿದ ಕಂಟೇನರುಗಳು, ಕೆಂಪು, ನೀಲಿ, ಬಿಳಿ. ಎಂಜಿನ್ನುಗಳು ಒಂಬತ್ತನೇ ಸುರಂಗದ ಬಾಯಿಗೆ ನುಗ್ಗಿ ಮಾಯವಾದವು, ಗುಡ್ಡದ ಬುಡದಲ್ಲಿ ಮತ್ತೆ ಕಂಡವು, ಎಡಕ್ಕೆ ವಾಲುತ್ತ ಗುಡ್ಡವನ್ನು ಬಳಸತೊಡಗಿದವು. ಡಬ್ಬಿಗಳು ಬರುತ್ತಲೇ ಇದ್ದವು. ಎಂಜಿನ್ನುಗಳು ಅರ್ಧ ಸುತ್ತು ಮುಗಿಸಿದವು, ಮುಕ್ಕಾಲು ಮುಗಿಸಿದವು, ಡಬ್ಬಿಗಳು ಇನ್ನೂ ಸುರಂಗದೊಳಗೆ ಹೋಗುತ್ತಲೇ ಇದ್ದವು. ಕೊನೆಗೆ ಎಂಜಿನ್ನುಗಳು ಸುರಂಗದ ನೆತ್ತಿಯ ಮೇಲಿನ ಹಳಿಗೆ ಬಂದು, ಕೆಳಗೆ ಹಾಯುತ್ತಿದ್ದ ತಮ್ಮದೇ ಡಬ್ಬಿಗಳ ಮೇಲೆ ದಾಟಿದವು. ಒಂದೇ ರೈಲು, ಒಂದೇ ಗಳಿಗೆಯಲ್ಲಿ, ಮೇಲೂ ಇತ್ತು ಕೆಳಗೂ ಇತ್ತು. ಬಾಲದಲ್ಲಿ ಮತ್ತೆರಡು ಎಂಜಿನ್ನು, ಹಿಂದಿನಿಂದ ದೂಡುತ್ತ. ನಮ್ಮ ಘಾಟಿಯಲ್ಲಿ ಬ್ಯಾಂಕರ್ ಅನ್ನುತ್ತೇವಲ್ಲ, ಅದೇ ಕೆಲಸ.

ಅಣ್ಣನ ಮಗ ಫೋನು ಕೈಯಲ್ಲೇ ಹಿಡಿದು ನಿಂತಿದ್ದ. ಫೋಟೊ ತೆಗೆಯುವುದನ್ನೇ ಮರೆತಿದ್ದ. "ಇನ್ನೊಂದು ಬರತ್ತಾ ಚಿಕ್ಕಪ್ಪ?" ಎಂದ. ಅವತ್ತು ಮಧ್ಯಾಹ್ನದವರೆಗೆ ನಾವು ಐದು ರೈಲು ನೋಡಿದೆವು.

ಹಳಿಯ ಪಕ್ಕದ ಫಲಕದಲ್ಲಿ ಈ ಜಾಗದ ಹೆಸರು ವಾಲಾಂಗ್. ಭಾರತೀಯ ಕಿವಿಗೆ ಅದು ಬಿದ್ದರೆ 1962ರ ಯುದ್ಧದ ಅರುಣಾಚಲ ನೆನಪಾಗುತ್ತದೆ. ಇದು ಚೀನೀ ಹೆಸರಿರಬೇಕು ಎಂದು ನಾನು ಬಹಳ ಕಾಲ ನಂಬಿದ್ದೆ, ಹಾಗೆ ನಂಬಲು ಕಾರಣವೂ ಇತ್ತು. ಈ ಹಳಿ ಹಾಕಿದವರು ಚೀನೀ ಕೂಲಿಗಳು, ಸುಮಾರು ಮೂರು ಸಾವಿರ ಜನ. ಗುದ್ದಲಿ, ಪಿಕಾಸಿ, ಕುದುರೆಗಾಡಿ, ಸಿಡಿಮದ್ದು, ಇಷ್ಟೇ ಸಲಕರಣೆಯಲ್ಲಿ ಗ್ರಾನೈಟ್ ಕೊರೆದು 18 ಸುರಂಗ ತೆರೆದರು, ಎರಡು ವರ್ಷದೊಳಗೆ ಘಾಟಿ ಹತ್ತಿಸಿದರು. 1876ರ ಸೆಪ್ಟೆಂಬರ್ 5ರಂದು ಲ್ಯಾಂಗ್ ಎಂಬಲ್ಲಿ ಚಿನ್ನದ ಮೊಳೆ ಹೊಡೆದು ಲಾಸ್ ಏಂಜಲೀಸ್ ದಾರಿಯನ್ನು ಕೂಡಿಸಿದರು. ಆರು ವರ್ಷ ಕಳೆದು, 1882ರಲ್ಲಿ, ಚೀನೀ ಕೂಲಿಗಳು ಇನ್ನು ಈ ದೇಶಕ್ಕೆ ಬರಕೂಡದು ಎಂದು ಅಮೆರಿಕ ಕಾನೂನು ಮಾಡಿತು. ವಾಲಾಂಗ್ ಎಂಬ ಹೆಸರು ಅವರಲ್ಲಿ ಯಾರದೂ ಅಲ್ಲ. ಡಬ್ಲ್ಯೂ. ಎ. ಲಾಂಗ್ ಎಂಬ ರೈಲ್ವೆ ಅಧಿಕಾರಿಯ ಹೆಸರನ್ನು ಕೂಡಿಸಿ ಬರೆದದ್ದು. ಅದು ತಿಳಿದ ದಿನ ನನಗಾದ ಬೇಸರ ಇವತ್ತಿಗೂ ಹೋಗಿಲ್ಲ. ಆ ಮೂರು ಸಾವಿರದಲ್ಲಿ ಒಬ್ಬನ ಹೆಸರಾದರೂ ಆ ಫಲಕದ ಮೇಲಿರಬೇಕಿತ್ತು.

ಲೂಪಿನ ನಡುವಿನ ಗುಡ್ಡದ ತುದಿಯಲ್ಲಿ ಒಂದು ಬಿಳಿ ಶಿಲುಬೆಯಿದೆ. 1989ರ ಮೇ 12ರಂದು ಸ್ಯಾನ್ ಬರ್ನಾರ್ಡಿನೊ ಹತ್ತಿರ ಕಹೋನ್ ಘಾಟಿಯಿಂದ ಇಳಿಯುತ್ತಿದ್ದ ಗೂಡ್ಸ್ ಗಾಡಿಯೊಂದು ಹಿಡಿತ ತಪ್ಪಿ ಮನೆಗಳ ಮೇಲೆ ಬಿತ್ತು. ಸರಕಿನ ತೂಕವನ್ನು ಇದ್ದದ್ದಕ್ಕಿಂತ ಬಹಳ ಕಡಿಮೆ ಲೆಕ್ಕ ಹಾಕಿದ್ದರು. ಬ್ರೇಕು ಆ ಭಾರ ತಡೆಯಲಿಲ್ಲ. ಸತ್ತವರಲ್ಲಿ ಇಬ್ಬರು ರೈಲ್ವೆ ನೌಕರರು. ಅವರ ನೆನಪಿಗೆ ಈ ಶಿಲುಬೆ. ಘಾಟಿಯಲ್ಲಿ ಏರುವುದು ಕಷ್ಟ, ಇಳಿಯುವುದು ಅಪಾಯ ಎನ್ನುವುದನ್ನು ಯಾವ ಲೋಕೋ ಪೈಲಟನ್ನು ಕೇಳಿದರೂ ಹೇಳುತ್ತಾನೆ.

ನೆಲವೂ ಇಲ್ಲಿ ಸುಮ್ಮನಿಲ್ಲ. 1952ರ ಜುಲೈ 21ರ ಭೂಕಂಪಕ್ಕೆ ಈ ದಾರಿಯ ಕೆಳಭಾಗದ ಸುರಂಗಗಳು ಬಿರುಕುಬಿಟ್ಟವು. ಆಗಿನ ಒಂದು ಫೋಟೊ ಹೆಸರುವಾಸಿ: ಮೂರನೇ ಸುರಂಗದ ಹತ್ತಿರ ಹಳಿ ಹಾವಿನಂತೆ ಹೊರಳಿ ಸುರಂಗದ ಕಾಂಕ್ರೀಟ್ ಗೋಡೆಯ ಅಡಿಗೇ ಹೋಗಿದೆ. ಗೋಡೆ ಮೇಲೆದ್ದು, ಹಳಿ ಒಳಗೆ ಸರಿದು, ಗೋಡೆ ಮತ್ತೆ ಕೂತಿರಬೇಕು. ಅಂಥ ಹಾನಿಯನ್ನು ಸರಿಪಡಿಸಿ 25 ದಿನಗಳಲ್ಲಿ ರೈಲು ಓಡಿಸಿದರು.

ಈ ದಾರಿಯಲ್ಲಿ ಪ್ರಯಾಣಿಕರ ರೈಲು ನಿಂತದ್ದು 1971ರಲ್ಲಿ. ಈಗ ಓಡುವುದೆಲ್ಲ ಗೂಡ್ಸು. ಕರಾವಳಿಯ ದಾರಿ ಮುಚ್ಚಿದಾಗ ಮಾತ್ರ, ಅಪರೂಪಕ್ಕೆ, ಕೋಸ್ಟ್ ಸ್ಟಾರ್‌ಲೈಟ್ ಎಂಬ ಗಾಡಿಯನ್ನು ಇಲ್ಲಿಂದ ತಿರುಗಿಸುತ್ತಾರೆ. ಆ ದಿನಕ್ಕೆಂದೇ ಟಿಕೆಟ್ ಹಿಡಿಯುವವರು ಇದ್ದಾರೆ. ಈ ಲೂಪನ್ನು ಹೊರಗಿನಿಂದ ನೋಡಿದವರು ಲಕ್ಷಾಂತರ, ಒಳಗೆ ಕೂತು ಸುತ್ತಿದವರು ತೀರಾ ಕಡಿಮೆ.

ದೇಶದ ಆಚೆ ತುದಿಯಲ್ಲಿ, ಪೆನ್ಸಿಲ್ವೇನಿಯಾದ ಆಲ್ಟೂನಾ ಹತ್ತಿರ, ಬೆಟ್ಟದ ಅದೇ ಲೆಕ್ಕಕ್ಕೆ ಇದಕ್ಕಿಂತ ಹಿರಿಯದಾದ ಇನ್ನೊಂದು ಉತ್ತರವಿದೆ. ಹಾರ್ಸ್‌ಶೂ ಕರ್ವ್, ಕುದುರೆ ಲಾಳದ ಆಕಾರದ ತಿರುವು. 1854ರ ಫೆಬ್ರವರಿಯಲ್ಲಿ ತೆರೆದದ್ದು, ಹೆಚ್ಚಾಗಿ ಐರಿಷ್ ಕೂಲಿಗಳು ಕಡಿದದ್ದು. ಅಲ್ಲಿ ಗುಡ್ಡ ಸುತ್ತುವ ಬದಲು ಹಳಿ ಒಂದು ಕೊಳ್ಳದೊಳಕ್ಕೆ ಹೊಕ್ಕು, ಹಿಂದಿರುಗಿ ಎದುರು ದಂಡೆಯಲ್ಲಿ ಏರುತ್ತದೆ. ಏರು ಇಲ್ಲಿಯದಕ್ಕಿಂತ ತುಸು ಕಡಿಮೆ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಜರ್ಮನಿ ಅಮೆರಿಕದ ದಂಡೆಗೆ ಗುಟ್ಟಾಗಿ ಇಳಿಸಿದ ಜನರ ಕೈಯಲ್ಲಿದ್ದ ಪಟ್ಟಿಯಲ್ಲಿ ಈ ತಿರುವೂ ಇತ್ತು. ಕೆಲಸ ಆಗುವ ಮೊದಲೇ ಅವರು ಸಿಕ್ಕಿಬಿದ್ದರು. ಒಂದು ತಿರುವನ್ನು ಮುರಿದರೆ ಒಂದು ದೇಶದ ಉಕ್ಕು, ಕಲ್ಲಿದ್ದಲು ನಿಲ್ಲುತ್ತದೆ ಎಂದು ಶತ್ರುವಿಗೂ ಗೊತ್ತಿತ್ತು.

ನಮ್ಮಲ್ಲಿಯ ಬತಾಸಿಯಾ ಲೂಪನ್ನು ಟೆಹಾಚಪಿಯ ಪುಟ್ಟ ತಂಗಿ ಎನ್ನಬಹುದು. ಡಾರ್ಜಿಲಿಂಗಿನ ಎರಡಡಿ ಅಗಲದ ಹಳಿ, 1919ರ ಸುತ್ತು, ನಡುವೆ ಗೂರ್ಖಾ ಯೋಧರ ಸ್ಮಾರಕ. ಅಲ್ಲೂ ಇಲ್ಲೂ ರೈಲು ತೀರಿಹೋದವರಿಗೆ ಪ್ರದಕ್ಷಿಣೆ ಬಂದೇ ಮುಂದೆ ಹೋಗುತ್ತದೆ.

ಟೆಹಾಚಪಿಯ ಕಲ್ಲಿನ ಮೇಲೆ ಕೂತು ಐದನೇ ರೈಲಿಗೆ ಕಾಯುವಾಗ ನನ್ನ ಕಿವಿ ಮಾತ್ರ ಸಕಲೇಶಪುರ ಘಾಟಿಯ ಎಡಕುಮೇರಿಯಲ್ಲಿತ್ತು. ಹಾಸನ–ಮಂಗಳೂರು ಹಳಿಯನ್ನು ಮೀಟರ್‌ಗೇಜಿನಿಂದ ಬ್ರಾಡ್‌ಗೇಜಿಗೆ ಬದಲಾಯಿಸುತ್ತಿದ್ದ ಆ ದೀರ್ಘ ಕಾಲದಲ್ಲಿ ರೈಲಿಲ್ಲದ ಘಾಟಿಯನ್ನು ನಾವು ಗೆಳೆಯರು ದೋಣಿಗಲ್ಲಿನಿಂದ ನಡೆದೇ ಇಳಿದಿದ್ದೆವು. ಸುರಂಗದ ಬಾಯಲ್ಲಿ ತಣ್ಣನೆ ಗಾಳಿ, ಒಳಗೆ ಬಾವಲಿ, ಹೊರಬಂದರೆ ಕಾಲಡಿಗೆ ಸೇತುವೆಯ ಕಂಬಿ, ಅದರಾಚೆ ಎಷ್ಟೋ ಕೆಳಗೆ ಹಳ್ಳದ ಬಿಳಿ ನೀರು. 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಓಡತೊಡಗಿದ ಮೇಲೆ ಆ ನಡಿಗೆ ಮುಗಿಯಿತು, ಮುಗಿಯಲೇಬೇಕಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರು, 57 ಸುರಂಗ. ಏರು ಎಷ್ಟು? ಐವತ್ತಕ್ಕೊಂದು. ಟೆಹಾಚಪಿಯಲ್ಲಿ ಹುಡ್ ಬಿಡಿಸಿದ ಲೆಕ್ಕವನ್ನೇ ಇಲ್ಲಿ, ನೂರು ವರ್ಷದ ಈಚೆಗೆ, ಮಳೆಕಾಡಿನ ಜಾರುಮಣ್ಣಿನಲ್ಲಿ ಬಿಡಿಸಿದ್ದಾರೆ.

ದೂಧಸಾಗರದ ದಾರಿ ಇನ್ನೂ ಕಡಿದು. ಉತ್ತರ ಕನ್ನಡದ ಕ್ಯಾಸಲ್‌ರಾಕಿನಿಂದ ಗೋವಾದ ಕುಳೆಂಗೆ ಇಳಿಯುವ ಬ್ರಗಾಂಜಾ ಘಾಟಿ ಮೂವತ್ತೇಳಕ್ಕೊಂದು. 1888ರಲ್ಲಿ ಪೋರ್ಚುಗೀಸರ ಹಳಿಯೂ ಬ್ರಿಟಿಷರ ಹಳಿಯೂ ಕ್ಯಾಸಲ್‌ರಾಕಿನಲ್ಲಿ ಕೂಡಿದಾಗಿನಿಂದ ಗಾಡಿಗಳು ಆ 310 ಮೀಟರಿನ ಜಲಪಾತದ ಎದೆಯ ಮೇಲೆ ಹಾಯುತ್ತಿವೆ. ಕಮಾನು ಸೇತುವೆ, ಹಿಂದೆ ಹಾಲಿನಂಥ ನೀರು, ನಡುವೆ ರೈಲು: ಈ ಚಿತ್ರವನ್ನು ಮಂಜಪ್ಪನಿಂದ ಮೈಕೇಲನವರೆಗೆ ಯಾರಿಗೆ ತೋರಿಸಿದರೂ ಗುರುತು ಹಿಡಿಯುತ್ತಾರೆ. ಮಳೆಗಾಲದಲ್ಲಿ ಕುಳೆಂ ಕಡೆಯಿಂದ ಹತ್ತುವ ಗಾಡಿಯಲ್ಲಿ ಕೂತರೆ ಹಿಂದಿನ ಬ್ಯಾಂಕರುಗಳ ಮೊರೆತ ಬೆನ್ನಿಗೇ ತಟ್ಟುತ್ತದೆ. ಅಲ್ಲಿ ಎರಡನೇ ಹಳಿ ಹಾಕಲು ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಸರಿಯಾದ ತೀರ್ಪು ಎಂದೇ ನನ್ನ ಭಾವನೆ. ರೈಲನ್ನು ಇಷ್ಟು ಪ್ರೀತಿಸುವ ನಾನೇ ಹೇಳುತ್ತೇನೆ, ಆ ಕಾಡಿನಲ್ಲಿ ಒಂದು ಹಳಿ ಸಾಕು.

ಇನ್ನೊಂದು ಮಾತು. ಫೋಟೊದ ಆಸೆಗೆ ದೂಧಸಾಗರದಲ್ಲಾಗಲಿ ಎಡಕುಮೇರಿಯಲ್ಲಾಗಲಿ ಹಳಿಯ ಮೇಲೆ ನಡೆಯಬೇಡಿ; ಅದು ಅಪರಾಧವೂ ಹೌದು, ಸುರಂಗದೊಳಗೆ ಗಾಡಿ ಬಂದರೆ ಸರಿದು ನಿಲ್ಲುವುದೂ ಕಷ್ಟ. ಹಗಲಿನ ಗಾಡಿಗೆ ಟಿಕೆಟ್ ತೆಗೆದು ಕಿಟಕಿ ಪಕ್ಕ ಕೂತುಕೊಳ್ಳಿ. ಸಕಲೇಶಪುರ ದಾಟಿದ ಮೇಲೆ ಹಳಿಯ ಅಂಚಿನಲ್ಲಿ ಅಲ್ಲಲ್ಲಿ ಗಿಡ್ಡ ಕಂಬಗಳು ಕಾಣುತ್ತವೆ, ಎರಡು ಕಡೆಗೆ ಓರೆಯಾಗಿ ಕೈ ಚಾಚಿದಂಥವು. ಆ ಕೈಯ ಮೇಲೆ ಬರೆದ ಅಂಕಿಯನ್ನು ಓದಿ. ಏರಿನ ಅಂಕಿ ಅದು.